ಲೈನರ್ ಇರುವ ಸೈಲೇಜ್ ಚೀಲ: ಮೂರು ಹಂಗಾಮು ಬಳಸಿದ ಮೇಲೆ

ಸೈಲೇಜ್ ಎಂದರೆ ಹಸಿ ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಒತ್ತಿ ತುಂಬಿ, ಹುಳಿ ಬರಿಸಿ ಕೆಡದಂತೆ ಇಡುವ ರಸಮೇವು. ಈ ಚೀಲ 50 ಕೆಜಿ ಹಿಡಿಯುವ ಮಾದರಿ. ಒಳಗೆ ಗಾಳಿ ತಡೆಯುವ ಪಾಲಿಥೀನ್ ಲೈನರ್ (ಒಳಪದರ), ಹೊರಗೆ ನೇಯ್ದ ಚೀಲ. ಉಳಿದ ವಿವರ ಚೀಲದ ಮೇಲೇ ಅಚ್ಚಾಗಿರುತ್ತದೆ.

ಮೊದಲು ದೂರು. ಲೈನರ್ ತೀರಾ ತೆಳು. ಮೊಂಡು ಬ್ಲೇಡಿನಲ್ಲಿ ಕತ್ತರಿಸಿದ ಮೆಕ್ಕೆಜೋಳದ ದಂಟು ಓರೆಯಾಗಿ ಸಿಗಿದು ತುದಿ ಸೂಜಿಯಂತಾಗುತ್ತದೆ. ಒತ್ತಿ ತುಂಬುವಾಗ ಅದು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ನಲವತ್ತು ದಿನ ಬಿಟ್ಟು ಬಿಚ್ಚಿದರೆ ಅದೇ ಜಾಗದಲ್ಲಿ ಅಂಗೈ ಅಗಲ ಬೂಷ್ಟು! ಬ್ಲೇಡು ಮಸೆದು 1–2 ಸೆಂ.ಮೀ. ತುಂಡು ಮಾಡಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ತಳಕ್ಕೆ ಎರಡು ಹಿಡಿ ಮೆತ್ತನೆಯ ಕಬ್ಬಿನ ಸೋಗೆ ತುಂಡು ಹಾಕಬೇಕು. ಗ್ಲಿರಿಸಿಡಿಯಾ, ಸುಬಾಬುಲ್ ಸೊಪ್ಪಿನಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ಇದ್ದರೆ ಆರಿಸಿ ಬಿಸಾಡಬೇಕು; ಕತ್ತರಿಸಿದ ಮೇಲೆ ಅದು ದಂಟಿಗಿಂತ ಮೋಸ.

ಚೀಲದ ತಳದ ಎರಡು ಮೂಲೆಗಳಲ್ಲಿ ಗಾಳಿ ಉಳಿಯುತ್ತದೆ. ಅಲ್ಲಿಗೆ ಮುಷ್ಟಿಯಿಂದ ಗುದ್ದಿ, ಆಮೇಲೆ ಗೇಣುದ್ದದ ಪದರವಾಗಿ ಒತ್ತುತ್ತಾ ಬನ್ನಿ. ಬಾಯಿ ಕಟ್ಟುವಾಗ ಲೈನರ್ ತಿರುಚಿ, ಮಡಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು ಚೀಲದ ಜೊತೆ ಕೊಡುವ ದಾರಕ್ಕಿಂತ ಎಷ್ಟೋ ವಾಸಿ. ಹೊರಚೀಲ ಹೊಲಿಯುವ ಸೂಜಿ ಲೈನರಿಗೆ ತಾಗಬಾರದು.

ಮಿಶ್ರಣದ ತಪ್ಪನ್ನು ಮಾತ್ರ ಚೀಲದ ತಲೆಗೆ ಕಟ್ಟಬೇಡಿ. 100 ಕೆಜಿಗೆ, ತೆನೆ ಮುರಿದ ಮೇಲೂ ಹಸಿರಿರುವ ದಂಟು 50, ಕಬ್ಬಿನ ಸೋಗೆ 20, ಅರ್ಧ ದಿನ ನೆರಳಲ್ಲಿ ಬಾಡಿಸಿದ ಸೊಪ್ಪು 30. ಕಾಕಂಬಿ 3 ಕೆಜಿ, ಅಷ್ಟೇ ನೀರಿನಲ್ಲಿ ಕದಡಿ ಚಿಮುಕಿಸಿ. ಉಪ್ಪು ಅರ್ಧ ಕೆಜಿ ಸಾಕು. ಸೊಪ್ಪು ಇದಕ್ಕಿಂತ ಹೆಚ್ಚಿಸಿದರೆ ಕೆಡುತ್ತದೆ: ಅದರಲ್ಲಿ ಸಕ್ಕರೆ ಅಂಶ ಕಡಿಮೆ, ಮೇಲಾಗಿ ಪ್ರೋಟೀನು, ಖನಿಜಗಳು ಹುಟ್ಟಿದ ಹುಳಿಯನ್ನೇ ನುಂಗಿಬಿಡುತ್ತವೆ. ಪಿಹೆಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 4.2ರ ಆಸುಪಾಸಿಗೆ ಇಳಿಯದೆ ಕೊಳೆಯುವ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ. ಯೂರಿಯಾ ಇಲ್ಲಿ ಬೇಡವೇ ಬೇಡ. ದಂಟು ಪೂರ್ತಿ ಒಣಗಿದ್ದರೆ ಅದರ 10 ಕೆಜಿಗೆ ಸುಮಾರು 15 ಲೀಟರ್ ನೀರು ಬೇಕು. ಹಿಡಿ ಮೇವನ್ನು ಅರ್ಧ ನಿಮಿಷ ಹಿಂಡಿ ಬಿಡಿ: ಉಂಡೆ ನಿಧಾನಕ್ಕೆ ಬಿರಿದು, ಅಂಗೈ ತೇವವಷ್ಟೇ ಆದರೆ ಹದ ಸರಿ. ರಸ ತೊಟ್ಟಿಕ್ಕಿದರೆ ಚೀಲದ ತಳ ಕೆಸರು.

ಇಷ್ಟೆಲ್ಲ ಗೊಣಗಿಯೂ ಈ ಚೀಲ ಬಿಡಲು ಮನಸ್ಸಾಗದಿರುವುದಕ್ಕೆ ಬೆಳಗಿನ ಬಿಚ್ಚುವ ಕೆಲಸವೇ ಕಾರಣ. ನೆಲದಲ್ಲಿ ತೋಡಿದ ಸೈಲೇಜ್ ಗುಂಡಿಯಲ್ಲಾದರೆ ತೆರೆದ ಮುಖದಿಂದ ದಿನವೂ ಗೇಣಷ್ಟು ತೆಗೆಯಬೇಕು. ಎರಡು ಮೂರು ಹಸು ಇರುವ ಕೊಟ್ಟಿಗೆಯಲ್ಲಿ ಅಷ್ಟು ಖರ್ಚಾಗದೆ ಮೇವು ಬಿಸಿಯೇರುತ್ತದೆ. ಚೀಲದಲ್ಲಿ ಆ ತಂಟೆಯಿಲ್ಲ. ಮೂರು ಹಸುವಿಗೆ ತಲಾ 15 ಕೆಜಿ ಹಾಕಿದರೆ ಅಂದಿನ ಚೀಲ ಅಂದೇ ಬಹುತೇಕ ಬರಿದು. ಹಾಲು ಕರೆದಾದ ಮೇಲೆಯೇ ಬಿಚ್ಚಿ. ಮುಂಚೆ ಕೊಟ್ಟರೆ ಹಾಲಿಗೆ ವಾಸನೆ ಅಂಟುತ್ತದೆ. ಗಂಟು ಸಡಿಲಿಸಿದ ಕೂಡಲೇ ಮೂಗಿಗೆ ಬಡಿಯುವ ಹದವಾದ ಹುಳಿ, ಹಳದಿ ಕಲೆತ ಹಸಿರು ಬಣ್ಣ, ಕೈ ಹಾಕಿದರೆ ತಂಪು: ಹಸು ಗೋದಲಿಯಿಂದ ಮುಖ ಎತ್ತುವುದಿಲ್ಲ. ಕಮಟು ತುಪ್ಪದ ನಾತ ಬಂದರೆ ನೀರು ಹೆಚ್ಚಾಗಿದೆ. ಕಂದುಬಣ್ಣ, ಹೊಗೆಸೊಪ್ಪಿನ ಘಾಟು ಇದ್ದರೆ ಗಾಳಿ ಉಳಿದು ಕಾದಿದೆ. ಬೂಷ್ಟು ಹಿಡಿದದ್ದನ್ನು ಸುತ್ತಲಿನ ಒಂದು ಗೇಣಿನ ಸಮೇತ ತಿಪ್ಪೆಗೆ ಹಾಕಿ. ಹೊಸದಾಗಿ ಶುರುಮಾಡುವವರು ಮೊದಲ ವಾರ 3–5 ಕೆಜಿ ಮೀರಬೇಡಿ.

ಹೊರಚೀಲವನ್ನು ಬಿಸಿಲಿಗೆ ಒಡ್ಡದಿದ್ದರೆ ಮತ್ತೆ ತುಂಬಬಹುದು, ಲೈನರ್ ಒಂದೇ ಸಲಕ್ಕೆ. ಇಪ್ಪತ್ತು ದನಗಳಿದ್ದವರು ಗುಂಡಿಯನ್ನೇ ತೋಡಲಿ. ಕಡಿಮೆ ದನವಿದ್ದು ಒಮ್ಮೆಗೆ ಒಂದಿಷ್ಟೇ ಸೊಪ್ಪು, ದಂಟು ಸಿಗುವವರು ತೆಗೆದುಕೊಳ್ಳಿ. ಜೊತೆಗೆ ಲೈನರ್ ಮಾತ್ರ ದಪ್ಪದ್ದು ಬೇರೆ ಕೊಳ್ಳಿ.