ವ್ಯಾಂಡೊರೆನ್ 5ಆರ್‌ವಿ ಲೈರ್ ಮೌತ್‌ಪೀಸ್: ಮೂರು ವರ್ಷ ಊದಿದ ಮೇಲೆ

ಕ್ಲಾರಿನೆಟ್ ಕಲಿಯಲು ಕೂತ ಮೊದಲ ಎರಡು ವರ್ಷ ನಾನು ಊದಿದ್ದು ಯಮಹಾ 4ಸಿ ಮೌತ್‌ಪೀಸ್ (ವಾದ್ಯದಲ್ಲಿ ಬಾಯಿಗಿಟ್ಟು ಊದುವ ಭಾಗ). ಅದರ ಟಿಪ್ ಓಪನಿಂಗ್ 1.05 ಮಿ.ಮೀ., ಅಂದರೆ ರೀಡಿನ (ಊದಿದಾಗ ಅದುರಿ ನಾದ ಕೊಡುವ ತೆಳು ಪಟ್ಟಿ) ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು ಅಷ್ಟು. ಉಸಿರು ಹೆಚ್ಚು ಬೇಡದೆ, ಊದಿದ ತಕ್ಷಣ ಸ್ವರ ಕೊಡುವ ಮೌತ್‌ಪೀಸ್ ಅದು. ಈಗ ಕಲಿಕೆ ಶುರುಮಾಡಿದವರು ಯಾರಾದರೂ ಕೇಳಿದರೆ ಅದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ.

ಬದಲಿಸಲೇ ಎಂದು ಕೇಳಿದಾಗಲೆಲ್ಲ ನಮ್ಮ ಮೇಷ್ಟ್ರದು ಒಂದೇ ಉತ್ತರ: "ಬ್ರೇಕ್ ದಾಟುವಾಗ ಸ್ವರ ಮುರಿಯದ ಹಾಗೆ ಊದು, ಆಮೇಲೆ ನೋಡೋಣ." ಬ್ರೇಕ್ ಅಂದರೆ ಕೆಳಸ್ಥಾಯಿಯಿಂದ ಮೇಲಿನ ಸ್ಥಾಯಿಗೆ ದಾಟುವ ಜಾಗ. ಆಗ ಬೇಸರವಾಗುತ್ತಿತ್ತು. ಅವರು ಹೇಳಿದ್ದು ಎಷ್ಟು ಸರಿ ಎಂದು ಈಗ ಗೊತ್ತಾಗುತ್ತದೆ. ತುಟಿಯ ಹಿಡಿತ ದಿನಕ್ಕೊಂದು ಥರ ಇರುವಾಗ, ಕೇಳಿಸಿದ ವ್ಯತ್ಯಾಸ ಮೌತ್‌ಪೀಸಿನದೋ ತುಟಿಯದೋ ತಿಳಿಯುವ ದಾರಿಯೇ ಇಲ್ಲ.

ಆದರೂ ತಡೆಯಲಾರದೆ ಒಮ್ಮೆ, ತುಂಬ ಅಗಲ ತೆರೆದ ಮೌತ್‌ಪೀಸೊಂದನ್ನು ಎರವಲು ತಂದೆ. ಮೊದಲ ಹತ್ತು ನಿಮಿಷ ಕೋಣೆಯೆಲ್ಲ ನನ್ನದೇ ನಾದ. ವಾರ ಕಳೆಯುವಷ್ಟರಲ್ಲಿ ಕೆಳತುಟಿಯ ಒಳಗೆ ಹಲ್ಲು ಒತ್ತಿ ಗಾಯವಾಗಿತ್ತು. ಜೋರಾಗಿ ಊದಿದಾಗ ಶ್ರುತಿ ಇಳಿಯುವುದು ಕ್ಲಾರಿನೆಟ್ಟಿನ ಸಹಜ ಗುಣ. ತುದಿಯ ಸಂದು ದೊಡ್ಡದಾದಷ್ಟೂ ಅದನ್ನು ತುಟಿಯಿಂದ ತಡೆದು ಹಿಡಿಯುವ ಕೆಲಸ ಹೆಚ್ಚು. ನನ್ನ ತುಟಿಗೆ ಆ ಬಲ ಇನ್ನೂ ಬಂದಿರಲಿಲ್ಲ. ಹತ್ತು ನಿಮಿಷದ ಖುಷಿಯನ್ನು ನಂಬಿ ಯಾರೂ ಮೌತ್‌ಪೀಸ್ ಕೊಳ್ಳಬಾರದು.

ಕೊನೆಗೆ ಮೇಷ್ಟ್ರೇ ಮೂರನ್ನು ಮುಂದಿಟ್ಟರು, ಮೂರೂ ವ್ಯಾಂಡೊರೆನ್: ಎಂ13 ಲೈರ್ 1.02 ಮಿ.ಮೀ., 5ಆರ್‌ವಿ ಲೈರ್ 1.09, ಬಿ45 1.195. ಈ ಸಾಲಿನ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಸಾಧಾರಣ ಕಾಗದದ ಎರಡು ಹಾಳೆಯ ದಪ್ಪಕ್ಕಿಂತ ಕಡಿಮೆ. ಬಾಯಿಗೆ ಮಾತ್ರ ಅದು ಬೇರೆ ಬೇರೆ ವಾದ್ಯ ಹಿಡಿದಷ್ಟು ದೂರ. ಒಂದೇ ರೀಡನ್ನು ಮೂರಕ್ಕೂ ಕಟ್ಟಿ ಹೋಲಿಸುವುದು ಅನ್ಯಾಯ. ಸಂದು ಕಿರಿದಾದರೆ ಗಟ್ಟಿ ರೀಡ್ ಬೇಕು, ಅಗಲವಾದರೆ ಮೆದುವಾದದ್ದು. ನಾನು ಕ್ರಮವಾಗಿ 3½, 3, 2½ ನಂಬರಿನ ರೀಡ್ ಬಳಸಿದೆ; ನಂಬರ್ ಹೆಚ್ಚಾದಷ್ಟೂ ರೀಡ್ ಗಟ್ಟಿ. ಕ್ಲಾರಿನೆಟ್ಟೂ, ರೀಡನ್ನು ಬಿಗಿಹಿಡಿಯುವ ಲಿಗೇಚರೂ ನನ್ನವೇ.

ಊದುವ ಮೊದಲು ಮೇಷ್ಟ್ರು ಒಂದು ಪರೀಕ್ಷೆ ಕಲಿಸಿದರು. ರೀಡ್ ಕಟ್ಟಿದ ಮೌತ್‌ಪೀಸಿನ ಕೆಳಬಾಯನ್ನು ಅಂಗೈಯಿಂದ ಮುಚ್ಚಿ, ಗಾಳಿ ಹೀರಿ ಬಾಯಿಂದ ತೆಗೆಯಬೇಕು. ರೀಡ್ ಒಂದು ಕ್ಷಣ ಅಂಟಿ ನಿಂತು ಆಮೇಲೆ 'ಟಪ್' ಎಂದು ಬಿಟ್ಟರೆ ಟೇಬಲ್ (ರೀಡ್ ಕೂರುವ ಚಪ್ಪಟೆ ಜಾಗ), ರೈಲು (ಕಿಂಡಿಯ ಎರಡು ಬದಿಯ ಅಂಚು), ರೀಡು ಮೂರೂ ಸರಿಯಾಗಿ ಕೂತಿವೆ ಎಂದರ್ಥ. ತಕ್ಷಣ ಬಿಟ್ಟುಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ. ಬೇರೆ ರೀಡ್ ಹಾಕಿ ಇನ್ನೊಮ್ಮೆ ನೋಡಿ.

ಆಮೇಲೆ ಊದಿದ್ದು ಹಾಡುಗಳನ್ನಲ್ಲ. ಅತಿ ಕೆಳಗಿನ ಇ ಸ್ವರ ಹಿಡಿದು, ಮೇಲಿನ ಸ್ಥಾಯಿಗೆ ಹಾರಿಸುವ ರಿಜಿಸ್ಟರ್ ಕೀ ಒತ್ತಿದರೆ ಕ್ಲಾರಿನೆಟ್ ಹನ್ನೆರಡನೇ ಸ್ವರವಾದ ಬಿಗೆ ಹಾರುತ್ತದೆ. ಆ ಜೋಡಿ ಶ್ರುತಿಯಲ್ಲಿ ಕೂರುತ್ತದೆಯೇ ಎಂದು ಟ್ಯೂನರ್ ಇಟ್ಟು ನೋಡಿದೆ. ಕೆಳಸ್ಥಾಯಿಯ ತುತ್ತತುದಿಯ ಥ್ರೋಟ್ ಸ್ವರಗಳಾದ ಜಿ, ಜಿ ಶಾರ್ಪ್, ಎ, ಬಿ ಫ್ಲ್ಯಾಟ್ ಯಾವ ಕ್ಲಾರಿನೆಟ್ಟಿನಲ್ಲೂ ಮಂಕು. ಅವು ಎಷ್ಟು ತುಂಬಿಕೊಳ್ಳುತ್ತವೆ ಎಂದು ಕೇಳಿದೆ. ಬಹಳ ಹೊತ್ತು ಕಳೆದದ್ದು ಮಾತ್ರ ಒಂದೇ ಅಭ್ಯಾಸದಲ್ಲಿ: ನಾಲಿಗೆ ತಾಕಿಸದೆ, ಬರೀ ಉಸಿರಿನಿಂದ, ಮೇಲಿನ ಜಿಯನ್ನು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಎತ್ತುವುದು. ಬಿ45ರಲ್ಲಿ ನನಗೆ ಸ್ವರಕ್ಕಿಂತ ಮೊದಲು ಗಾಳಿಯ ಸದ್ದು ಬರುತ್ತಿತ್ತು. ಎಂ13ರಲ್ಲಿ ಮೆಲುದನಿ ಸುಂದರ, ಆದರೆ 3½ ರೀಡ್ ಅರ್ಧ ಗಂಟೆಯಲ್ಲಿ ನನ್ನನ್ನು ದಣಿಸುತ್ತಿತ್ತು. 5ಆರ್‌ವಿ ಲೈರ್‌ನಲ್ಲಿ ಸ್ವರ ಎಲ್ಲಿ ಶುರುವಾಯಿತು ಎಂದು ನನಗೇ ಗೊತ್ತಾಗದಷ್ಟು ನಯವಾಗಿ ಬಂತು. ಬಲ ಕೂಡಿದ ತುಟಿಗೆ ಬಿ45 ಬೇರೆಯೇ ಉತ್ತರ ಕೊಟ್ಟೀತು. ನಾನು ಹೇಳುತ್ತಿರುವುದು ಎರಡು ವರ್ಷ ಕಲಿತವರ ಬಾಯಿಯ ಮಾತು.

ಇದನ್ನು ಹೇಳಲೇಬೇಕು. ಮೂರರಲ್ಲೂ ಒಂದೇ ನಿಧಾನದ ಸಾಲು ಊದಿ ಫೋನಿನಲ್ಲಿ ಹಿಡಿದು, ಕ್ರಮ ಬದಲಿಸಿ ಕೇಳಿದಾಗ ಯಾವುದು ಯಾವುದೆಂದು ನನಗಾಗಲಿ ಮೇಷ್ಟ್ರಿಗಾಗಲಿ ಹೇಳಲಾಗಲಿಲ್ಲ. ನಾದ ನಮ್ಮ ಬಾಯಿ, ಉಸಿರಿನಿಂದಲೇ ಹೆಚ್ಚು ಬರುತ್ತದೆ. ಕೊನೆಗೆ ಆರಿಸಿಕೊಂಡ 5ಆರ್‌ವಿ ಲೈರ್ ಮೂರು ವರ್ಷದಲ್ಲಿ ಕೊಟ್ಟದ್ದು ಹಿಡಿತ. ಮೆಲ್ಲಗೆ ಶುರುಮಾಡುವ ಭಯ ಹೋಯಿತು, ಸ್ಟಕಾಟೊ (ಸ್ವರಗಳನ್ನು ಬಿಡಿಬಿಡಿಯಾಗಿ ಕಡಿದು ಊದುವುದು) ಸ್ವಚ್ಛವಾಯಿತು, ಜೋರು ಹೆಚ್ಚಿಸುವಾಗ ಟ್ಯೂನರಿನ ಮುಳ್ಳು ಮೊದಲಿನಷ್ಟು ಜಾರುವುದಿಲ್ಲ. ಒಂದೂವರೆ ಗಂಟೆ ಅಭ್ಯಾಸವಾದ ಮೇಲೂ ತುಟಿ ನನ್ನ ಮಾತು ಕೇಳುತ್ತದೆ, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಜಾಝ್‌ನ ಹಾಗೆ ಸ್ವರವನ್ನು ಬಗ್ಗಿಸಿ ಎಳೆಯುವ ಆಸೆಯಿದ್ದವರಿಗೆ ಇನ್ನೂ ತೆರೆದದ್ದೇ ಒಗ್ಗುತ್ತದೆ.

ಈ ಮೌತ್‌ಪೀಸ್ ಎಬೊನೈಟಿನದು; ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಬಿಸಿನೀರಿನಲ್ಲಿ ತೊಳೆದರೆ, ಬಿಸಿಲಿನಲ್ಲಿಟ್ಟರೆ ಕಪ್ಪು ಬಣ್ಣ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಗಂಧಕದ ವಾಸನೆ ಹೊಡೆಯುತ್ತದೆ. ನಾನು ತಣ್ಣೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ. ವಾದ್ಯದೊಳಗಿನ ತೇವ ಒರೆಸಲು ಸ್ವಾಬ್ (ದಾರ ಕಟ್ಟಿದ ಬಟ್ಟೆ) ಎಳೆಯುವಾಗ ಮೌತ್‌ಪೀಸ್ ಬಿಚ್ಚಿಡುತ್ತೇನೆ, ಅದರ ದಾರ ಉಜ್ಜಿ ರೈಲು ಸವೆಯಬಾರದು. ಮೇಲೆ 0.8 ಮಿ.ಮೀ. ರಬ್ಬರ್ ಪ್ಯಾಚ್ ಅಂಟಿಸಿರುವುದರಿಂದ ಹಲ್ಲಿನ ಗುರುತು ಬಿದ್ದಿಲ್ಲ. ಹಳೆಯ 4ಸಿ ಇನ್ನೂ ಕೇಸಿನಲ್ಲೇ ಇದೆ. ಬಯಲಿನಲ್ಲಿ ಬಿಸಿಲಿಗೆ ನಿಂತು ಬ್ಯಾಂಡಿನ ಜೊತೆ ಊದುವ ದಿನ ಅದನ್ನೇ ಹಾಕುತ್ತೇನೆ.