ಮ್ಯಾಟ್ರಿಜೆಲ್: ಹೃದಯದ ಕೋಶ ಬೆಳೆಸುವವರಿಗೆ ಎಲ್ಲಿ ಬೇಕು, ಎಲ್ಲಿ ಬೇಡ

ಐಪಿಎಸ್ ಕೋಶಗಳಿಂದ (ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶ) ಹೃದಯ ಸ್ನಾಯುವಿನ ಕೋಶ ಬೆಳೆಸುವ ಹೆಚ್ಚಿನ ಲ್ಯಾಬುಗಳ ಫ್ರೀಜರಿನಲ್ಲಿ ಕೋಶಗಳು ಅಂಟಿ ಬೆಳೆಯಲೆಂದು ಬಳಸುವ ಜೆಲ್, ಅಂದರೆ ಮ್ಯಾಟ್ರಿಜೆಲ್ ಇದ್ದೇ ಇರುತ್ತದೆ. ಇದು ಕಾರ್ನಿಂಗ್ ಕಂಪನಿಯ ಸರಕು. 2012ರವರೆಗೆ ಬಿಡಿ ಕಂಪನಿಯ ಕೈಯಲ್ಲಿತ್ತು, ಹಾಗಾಗಿ ಹಳೆಯ ಪೇಪರುಗಳಲ್ಲಿ ‘ಬಿಡಿ ಮ್ಯಾಟ್ರಿಜೆಲ್’ ಎಂದು ಕಂಡರೆ ಗೊಂದಲ ಬೇಡ, ಅದೂ ಇದೇ. ತೀರ್ಪು ಮೊದಲೇ ಹೇಳಿಬಿಡೋಣ. ಪ್ಲೇಟಿಗೆ ತೆಳುವಾಗಿ ಕೋಟಿಂಗ್ ಮಾಡಲು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಮೂರು ಆಯಾಮದ ಅಂಗಾಂಶ ಕಟ್ಟಲು ಎರಡು ಸಲ ಯೋಚಿಸಬೇಕು. ರೋಗಿಯ ಎದೆಯವರೆಗೆ ಹೋಗಬೇಕೆಂಬ ಯೋಜನೆ ಇದ್ದರೆ ಶುರುವಿನಲ್ಲೇ ಕೈಬಿಡಬೇಕು.

ಬಾಟಲಿಯೊಳಗೆ ಇರುವುದು ಎಂಗೆಲ್‌ಬ್ರೆತ್-ಹೋಮ್-ಸ್ವಾರ್ಮ್ ಎಂಬ ಇಲಿಯ ಗೆಡ್ಡೆಯಿಂದ ತೆಗೆದ ಪ್ರೋಟೀನುಗಳ ಸಾರ. ಸುಮಾರು 60 ಶೇಕಡ ಲ್ಯಾಮಿನಿನ್, 30 ಶೇಕಡ ನಾಲ್ಕನೇ ಬಗೆಯ ಕೊಲಾಜೆನ್, 8 ಶೇಕಡ ಎಂಟ್ಯಾಕ್ಟಿನ್. ಉಳಿದ ಚೂರುಪಾರಿನಲ್ಲೇ ತಕರಾರೆಲ್ಲ ಇರುವುದು. ಹೆಪರಾನ್ ಸಲ್ಫೇಟ್ ಪ್ರೋಟಿಯೋಗ್ಲೈಕಾನ್, ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಗ್ರೋತ್ ಫ್ಯಾಕ್ಟರುಗಳಾದ ಟಿಜಿಎಫ್-ಬೀಟಾ, ಐಜಿಎಫ್-1, ಇಜಿಎಫ್, ಪಿಡಿಜಿಎಫ್, ಜೊತೆಗೆ ಇಲಿಯ ಕೋಶದೊಳಗಿನ ಇನ್ನೂ ಏನೇನೋ. 2010ರಲ್ಲಿ ಪ್ರಕಟವಾದ ಪ್ರೋಟಿಯೋಮಿಕ್ಸ್ ವಿಶ್ಲೇಷಣೆಯಲ್ಲಿ ಸುಮಾರು ಎರಡು ಸಾವಿರ ಪ್ರೋಟೀನುಗಳು ಸಿಕ್ಕವು. ಒಂದು ಲಾಟಿಗೂ (ಒಮ್ಮೆಗೆ ತಯಾರಾದ ಕಂತು) ಇನ್ನೊಂದಕ್ಕೂ ಇದ್ದ ಹೋಲಿಕೆ ಸುಮಾರು 53 ಶೇಕಡ ಮಾತ್ರ. ಈ ಅಂಕಿಯನ್ನು ನೆನಪಿಟ್ಟುಕೊಂಡು ಮುಂದಿನದ್ದನ್ನು ಓದಿ.

ಕೊಳ್ಳುವಾಗ ಕ್ಯಾಟಲಾಗ್ ನಂಬರ್ ನೋಡದೆ ಇಂಡೆಂಟ್ ಹಾಕಬೇಡಿ. ಐಪಿಎಸ್ ಕೋಶಕ್ಕೆ ಬೇಕಾದದ್ದು 354277. ಇದು ಮಾನವ ಭ್ರೂಣದ ಆಕರಕೋಶಗಳಿಗೆಂದು ಪರೀಕ್ಷೆಯಾಗಿ ಬರುವ, 5 ಮಿಲಿಲೀಟರ್ ಬಾಟಲಿ. ರಕ್ತನಾಳದ ಪ್ರಯೋಗ ಮಾಡುವವರಿಗೆ 354230, ಅಂದರೆ ಗ್ರೋತ್ ಫ್ಯಾಕ್ಟರ್ ಕಡಿಮೆ ಮಾಡಿದ್ದು. ‘ಕಡಿಮೆ’ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಟಿಜಿಎಫ್-ಬೀಟಾ ಕೊಲಾಜೆನ್ನಿಗೂ ಪ್ರೋಟಿಯೋಗ್ಲೈಕಾನಿಗೂ ಅಂಟಿಕೊಂಡು ಉಳಿದಿರಬಹುದು. ಫೈಬ್ರೋಸಿಸ್ (ಟಿಜಿಎಫ್-ಬೀಟಾ ಕೆರಳಿಸುವ ಅಂಗಾಂಶದ ನಾರುಗಟ್ಟುವಿಕೆ) ಬಗ್ಗೆ ಕೆಲಸ ಮಾಡುವವರು ಇದನ್ನು ಮರೆತರೆ ಕಂಟ್ರೋಲ್ ವೆಲ್ಲಿನಲ್ಲೇ (ಹೋಲಿಕೆಗೆಂದು ಏನೂ ಹಾಕದೆ ಬಿಟ್ಟ ಪ್ಲೇಟಿನ ಗುಳಿಯಲ್ಲೇ) ಸಂಕೇತ ಏರಿ ಕೂರುತ್ತದೆ. ಮಾಮೂಲಿ ಬಗೆಯಾದ 354234 ಅಗ್ಗ ಅನ್ನಿಸಿದರೂ ಆಕರಕೋಶಕ್ಕೆಂದು ಅದನ್ನು ತರಿಸುವುದು ಉಳಿತಾಯವಲ್ಲ.

ಇನ್ನು ಬಳಕೆ. ಇಡೀ ಕಷ್ಟ ಇರುವುದು ತಾಪಮಾನದಲ್ಲಿ. 10 ಡಿಗ್ರಿ ದಾಟಿದರೆ ಮ್ಯಾಟ್ರಿಜೆಲ್ ಗಟ್ಟಿಯಾಗಲು ಶುರು, 22ರಿಂದ 35 ಡಿಗ್ರಿಯಲ್ಲಂತೂ ಬೇಗ ಹೆಪ್ಪಾಗುತ್ತದೆ. ಬೇಸಿಗೆಯಲ್ಲಿ ಏಸಿ ಕೆಟ್ಟ ಲ್ಯಾಬಿನಲ್ಲಿ ಟೇಬಲ್ ಮೇಲಿಟ್ಟ ಬಾಟಲಿಯ ಗತಿ ಹೇಳಬೇಕಿಲ್ಲ. ಕರಗಿಸಲು 37 ಡಿಗ್ರಿಯ ವಾಟರ್ ಬಾತ್ ಕಡೆ ಹೋಗಲೇಬಾರದು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಬಾಟಲಿಯನ್ನು ಕತ್ತಿನವರೆಗೆ ಹೂತು, ಡಬ್ಬಿ ಸಮೇತ ಫ್ರಿಜ್ಜಿನ ಹಿಂಬದಿಗೆ ತಳ್ಳಿ ರಾತ್ರಿಯಿಡೀ ಬಿಡಿ. ಬರೀ ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ಸಾಲದು, ಜನ ತೆರೆದು ಮುಚ್ಚುವಾಗಲೆಲ್ಲ ಅಲ್ಲಿನ ತಾಪಮಾನ ಏರುತ್ತದೆ. ಬೆಳಗ್ಗೆ ನೋಡಿದಾಗ ಬಣ್ಣ ಒಣಹುಲ್ಲಿನ ಹಳದಿಯಿಂದ ಕಡುಗೆಂಪಿನವರೆಗೆ ಹೇಗೂ ಇರಬಹುದು. ಹೊಸಬರು ಇದಕ್ಕೇ ಗಾಬರಿಯಾಗಿ ಕಂಪನಿಗೆ ಮೇಲ್ ಬರೆಯುವುದುಂಟು. ಅದು ಕಾರ್ಬನ್ ಡೈಆಕ್ಸೈಡ್, ಬೈಕಾರ್ಬೊನೇಟ್ ಮತ್ತು ಫೀನಾಲ್ ರೆಡ್ ನಡುವಿನ ವ್ಯವಹಾರ ಅಷ್ಟೇ, ಇನ್ಕ್ಯುಬೇಟರಿಗೆ ಹೋದ ಮೇಲೆ ಸರಿಹೋಗುತ್ತದೆ.

ಕರಗಿದ ಮ್ಯಾಟ್ರಿಜೆಲ್ ಜೋನಿ ಬೆಲ್ಲದಂತೆ ಮಂದ. ವೋರ್ಟೆಕ್ಸ್ ಯಂತ್ರದಲ್ಲಿ ಕುಲುಕದೆ, ಐಸಿನಲ್ಲಿಟ್ಟುಕೊಂಡೇ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಸಮ ಮಾಡಿ. ಟಿಪ್ಪುಗಳನ್ನೂ ಟ್ಯೂಬುಗಳನ್ನೂ ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟಿರಬೇಕು. ಬೆಚ್ಚಗಿನ ಟಿಪ್ಪಿನ ಒಳಗೋಡೆಗೆ ಜೆಲ್ ಅಂಟಿ ಉಳಿಯುತ್ತದೆ. 300 ಮೈಕ್ರೊಲೀಟರ್ ಎಳೆದಿದ್ದೇವೆ ಅಂದುಕೊಂಡಿದ್ದು ಟ್ಯೂಬಿಗೆ ಬೀಳುವಷ್ಟರಲ್ಲಿ ಕಡಿಮೆಯಾಗಿರುತ್ತದೆ, ಆ ಅಲಿಕ್ವಾಟಿನಿಂದ (ಒಮ್ಮೆಗೆ ಬಳಸಲು ಹಂಚಿಟ್ಟ ಪಾಲಿನಿಂದ) ಕೋಟಿಂಗ್ ಮಾಡಿದ ಪ್ಲೇಟುಗಳಲ್ಲಿ ಮಾತ್ರ ಕೋಶ ಪ್ಲೇಟು ಬಿಟ್ಟು ಏಳುತ್ತದೆ, ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ನಿಧಾನವಾಗಿ ಎಳೆದು, ನಿಧಾನವಾಗಿ ಬಿಡಿ, ಗುಳ್ಳೆ ಬರಿಸಬೇಡಿ.

ಅಲಿಕ್ವಾಟ್ ಎಷ್ಟಿರಬೇಕು ಎಂಬುದು ಪ್ರತಿ ಲಾಟಿನ ಪ್ರಮಾಣಪತ್ರದಲ್ಲಿ ಇರುತ್ತದೆ. ಸಾಮಾನ್ಯವಾಗಿ 270ರಿಂದ 350 ಮೈಕ್ರೊಲೀಟರ್ ನಡುವೆ. ಅಷ್ಟನ್ನು 25 ಮಿಲಿಲೀಟರ್ ತಣ್ಣನೆಯ ಡಿಎಂಇಎಂ/ಎಫ್12 ಮೀಡಿಯಮ್ಮಿಗೆ (ಕೋಶಗಳ ಪೋಷಕ ದ್ರವ) ಬೆರೆಸಬೇಕು. ಆರು ವೆಲ್ಲಿನ ಪ್ಲೇಟಿಗೆ ವೆಲ್ಲಿಗೆ 1 ಮಿಲಿಲೀಟರಿನಂತೆ ನಾಲ್ಕು ಪ್ಲೇಟು ಆಗಿ 1 ಮಿಲಿಲೀಟರ್ ಉಳಿಯುತ್ತದೆ. ಪ್ರೋಟೀನ್ 10 ಮಿಲಿಗ್ರಾಂ/ಮಿಲಿಲೀಟರ್ ಇರುವ ಲಾಟಿನ 300 ಮೈಕ್ರೊಲೀಟರ್ ತೆಗೆದುಕೊಂಡರೆ ಚದರ ಸೆಂಟಿಮೀಟರಿಗೆ ಸುಮಾರು 12.5 ಮೈಕ್ರೊಗ್ರಾಂ ಬೀಳುವ ಲೆಕ್ಕ. ಇನ್ನೊಂದು ಲ್ಯಾಬಿನ ‘1:100’ ಬೆರಕೆಯನ್ನು ಹಾಗೇ ನಕಲು ಮಾಡುವ ಬದಲು ಈ ಲೆಕ್ಕವನ್ನು ಹಾಕಿಕೊಂಡರೆ ಲಾಟ್ ಬದಲಾದಾಗಲೂ ದಾರಿ ತಪ್ಪುವುದಿಲ್ಲ. ಅಲಿಕ್ವಾಟುಗಳನ್ನು ಮೈನಸ್ 20 ಅಥವಾ ಮೈನಸ್ 80ರಲ್ಲಿಡಿ. ತಾನೇ ಹಿಮ ಕರಗಿಸಿಕೊಳ್ಳುವ ಫ್ರಾಸ್ಟ್-ಫ್ರೀ ಫ್ರೀಜರ್ ಖಂಡಿತ ಬೇಡ, ಅದರ ಏರಿಳಿತಕ್ಕೆ ಜೆಲ್ ಹಾಳಾಗುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಮತ್ತೆ ಕರಗಿಸುವ ಕೆಲಸವೂ ಬೇಡ.

ಪ್ಲೇಟಿಗೆ ಹಾಕಿದ ಮೇಲೆ ಕೋಣೆಯ ತಾಪಮಾನದಲ್ಲಿ ಒಂದು ತಾಸು ಸಾಕು. ಉಳಿದ ಪ್ಲೇಟುಗಳಿಗೆ ಪ್ಯಾರಾಫಿಲ್ಮ್ ಸುತ್ತಿ ಫ್ರಿಜ್ಜಿನಲ್ಲಿ ಸಮತಟ್ಟಾಗಿ ಇಟ್ಟರೆ ಒಂದು ವಾರ ಬರುತ್ತದೆ. ಬಳಸುವ ಮೊದಲು ಅರ್ಧ ತಾಸು ಹೊರಗಿಡಿ. ದ್ರವ ತೆಗೆದು ಕೋಶ ಹಾಕುವ ನಡುವೆ ವೆಲ್ ಒಣಗಬಾರದು. ಹುಡ್ಡಿನ ಗಾಳಿಗೆ ಆರು ವೆಲ್ಲನ್ನೂ ಒಟ್ಟಿಗೆ ಖಾಲಿ ಮಾಡಿಟ್ಟು ಫೋನ್ ತೆಗೆಯಲು ಹೋದರೆ ಅಂಚಿನಲ್ಲಿ ಕೋಶ ಕೂರುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಬಲೆಯಂತೆ ಗಂಟುಗಂಟು ಕಂಡರೆ ಮೀಡಿಯಂ ತಣ್ಣಗಿರಲಿಲ್ಲ ಅಥವಾ ಅಲಿಕ್ವಾಟ್ ಪೂರ್ತಿ ಕರಗಿರಲಿಲ್ಲ ಎಂದರ್ಥ. ಆ ಪ್ಲೇಟಿನಲ್ಲಿ ಡಿಫರೆನ್ಶಿಯೇಷನ್ (ಆಕರಕೋಶವನ್ನು ಹೃದಯದ ಕೋಶವಾಗಿ ಮಾರ್ಪಡಿಸುವುದು) ಶುರು ಮಾಡಬೇಡಿ.

ಡಿಫರೆನ್ಶಿಯೇಷನ್ನಿನಲ್ಲೇ ಇದರ ಯೋಗ್ಯತೆ ಗೊತ್ತಾಗುವುದು. ವಿಸ್ಕಾನ್ಸಿನ್‌ನಲ್ಲಿ ರೂಪುಗೊಂಡ ವಿಂಟ್ ವಿಧಾನವನ್ನೇ (ವಿಂಟ್ ಎಂಬ ಕೋಶ ಸಂಕೇತವನ್ನು ಮೊದಲು ಏರಿಸಿ ಆಮೇಲೆ ತಡೆಯುವುದು) ಈಗ ಹೆಚ್ಚಿನವರು ಅನುಸರಿಸುವುದು. ಕೋಶಗಳು ಪೂರ್ತಿ ಹರಡಿಕೊಂಡಾಗ ಇನ್ಸುಲಿನ್ ಇಲ್ಲದ ಬಿ27 (ಪೂರಕಗಳ ಮಿಶ್ರಣ) ಬೆರೆಸಿದ ಮೀಡಿಯಂ ಆದ ಆರ್‌ಪಿಎಂಐನಲ್ಲಿ ವಿಂಟ್ ಏರಿಸುವ 12 ಮೈಕ್ರೊಮೋಲಾರ್ ಸಿಎಚ್‌ಐಆರ್99021 ಒಂದು ದಿನ, ಮೂರನೇ ದಿನ ಅದನ್ನು ತಡೆಯುವ 5 ಮೈಕ್ರೊಮೋಲಾರ್ ಐಡಬ್ಲ್ಯುಪಿ2, ಏಳನೇ ದಿನದಿಂದ ಇನ್ಸುಲಿನ್ ಇರುವ ಬಿ27. ಎಂಟರಿಂದ ಹತ್ತನೇ ದಿನದ ಹೊತ್ತಿಗೆ ಬಡಿತ ಕಾಣಬೇಕು. ಕೋಶದ ಸಾಲು ಬದಲಾದರೆ ಸಿಎಚ್‌ಐಆರ್ ಪ್ರಮಾಣ 6ರಿಂದ 12ರ ನಡುವೆ ಹೊಂದಿಸಿಕೊಳ್ಳಬೇಕಾಗುತ್ತದೆ, ಆಗ ಕೋಶದ ಸಾಂದ್ರತೆಯನ್ನೂ ಜೊತೆಯಲ್ಲೇ ಬದಲಿಸಿ ನೋಡಬೇಕು. ಅದೇ ವಿಸ್ಕಾನ್ಸಿನ್‌ನಿಂದ 2012ರಲ್ಲಿ ಬಂದ ‘ಮ್ಯಾಟ್ರಿಕ್ಸ್ ಸ್ಯಾಂಡ್‌ವಿಚ್’ ವಿಧಾನದಲ್ಲಿ ಕೋಶಗಳ ಕೆಳಗೂ ಮ್ಯಾಟ್ರಿಜೆಲ್, ಮೇಲೂ ಮ್ಯಾಟ್ರಿಜೆಲ್. ಮೇಲಿನ ಪದರವೇ ಕೋಶಗಳನ್ನು ಎಪಿಥೀಲಿಯಲ್ (ಒತ್ತೊತ್ತಾಗಿ ಅಂಟಿಕೊಂಡ) ರೂಪದಿಂದ ಮೀಸೆಂಕೈಮಲ್ (ಬಿಡಿಯಾಗಿ ಚಲಿಸುವ) ರೂಪದತ್ತ ತಳ್ಳುತ್ತದೆ; ಆಕ್ಟಿವಿನ್-ಎ, ಬಿಎಂಪಿ4 ಎಂಬ ಗ್ರೋತ್ ಫ್ಯಾಕ್ಟರುಗಳ ಜೊತೆಗೂಡಿ 98 ಶೇಕಡದವರೆಗೆ ಶುದ್ಧತೆ ವರದಿಯಾಗಿದೆ. ಇಲ್ಲಿ ಮ್ಯಾಟ್ರಿಜೆಲ್ ಬರೀ ಅಂಟಲ್ಲ, ಔಷಧದಂತೆ ಕೆಲಸ ಮಾಡುವ ಪದಾರ್ಥ.

ಬಡಿತ ಶುರುವಾದ ಮೇಲೆ ಕೋಶಗಳ ಹಾಳೆ ಪ್ಲೇಟಿನಿಂದ ಪೂರ್ತಿ ಎದ್ದು ಬರುವುದು ಎಲ್ಲರ ದೂರು, ಬೈಗುಳ ತಿನ್ನುವುದು ಮ್ಯಾಟ್ರಿಜೆಲ್. ಹಳಸಿದ ಅಥವಾ ಒಣಗಿದ ಕೋಟಿಂಗ್ ಒಂದು ಕಾರಣ ನಿಜ. ಆದರೆ ಕೋಶಗಳ ಸಾಂದ್ರತೆ ಅತಿಯಾಗಿದ್ದರೂ, ಮೀಡಿಯಂ ಅನ್ನು ನೇರ ಹಾಳೆಯ ಮೇಲೆ ಸುರಿದರೂ ಅದೇ ಆಗುತ್ತದೆ. ಗೋಡೆಯ ಅಂಚಿನಿಂದ ಇಳಿಸಿ, ಅರ್ಧರ್ಧ ಮೀಡಿಯಂ ಬದಲಿಸಿ. ವಿಟ್ರೊನೆಕ್ಟಿನ್ ಎಂಬ ಇನ್ನೊಂದು ಕೋಟಿಂಗ್ ಪ್ರೋಟೀನಿನ ಮೇಲೆ ಈ ಸಮಸ್ಯೆ ಇನ್ನೂ ಜಾಸ್ತಿ.

ಕೋಟಿಂಗಿನಿಂದಾಚೆ ಬಂದರೆ ಹೊಗಳಿಕೆ ಕಡಿಮೆಯಾಗುತ್ತದೆ. ಹೆಪ್ಪಾದ ಮ್ಯಾಟ್ರಿಜೆಲ್ಲಿನ ಬಿಗಿ ಸುಮಾರು 450 ಪ್ಯಾಸ್ಕಲ್. ಹೃದಯ ಸ್ನಾಯುವಿನದು 10 ಕಿಲೊಪ್ಯಾಸ್ಕಲ್ ಆಸುಪಾಸು. ಇಷ್ಟು ಮೆತ್ತಗಿನ ಹಾಸಿಗೆಯಲ್ಲಿ ಅಳೆದ ಬಲವನ್ನು ಹೃದಯದ ಬಲಕ್ಕೆ ಹೋಲಿಸುವ ಮುನ್ನ ನಿಂತು ಯೋಚಿಸಬೇಕು. ಹಾಗಂತ ಮೆತ್ತಗಿರುವುದೇ ಅನುಕೂಲವಾದ ಪ್ರಯೋಗವೂ ಇದೆ. 2015ರಲ್ಲಿ ವ್ಯಾಂಡರ್‌ಬಿಲ್ಟ್‌ನವರು ತೋರಿಸಿದ ‘ಮ್ಯಾಟ್ರಿಜೆಲ್ ಮ್ಯಾಟ್ರೆಸ್’ನಲ್ಲಿ ಬೆರಕೆಯಿಲ್ಲದ ಜೆಲ್ಲನ್ನು 0.4ರಿಂದ 0.8 ಮಿಲಿಮೀಟರ್ ದಪ್ಪಕ್ಕೆ ಹರಡಿ ಬಿಡಿ ಕೋಶಗಳನ್ನು ಕೂರಿಸಿದರೆ, ಒಂದು ವಾರದೊಳಗೆ ಅವು ಕೋಲಿನಾಕಾರ ತಳೆದು, ಕಣ್ಣಿಗೆ ಕಾಣುವಷ್ಟು ಕುಗ್ಗಿ ಹಿಗ್ಗುತ್ತವೆ. ಔಷಧಿಯಿಂದ ಕುಗ್ಗುವಿಕೆ ಎಷ್ಟು ಬದಲಾಯಿತು ಎಂದು ಅಳೆಯುವವರಿಗೆ ಒಳ್ಳೆಯ ಏರ್ಪಾಟು.

ರಕ್ತನಾಳದ ಟ್ಯೂಬ್ ಪರೀಕ್ಷೆಯಲ್ಲಿ (ಕೋಶಗಳು ನಾಳದಂತೆ ಬಲೆ ಹೆಣೆಯುತ್ತವೆಯೇ ಎಂದು ನೋಡುವುದು) 96 ವೆಲ್ಲಿನ ಪ್ಲೇಟಿಗೆ ವೆಲ್ಲಿಗೆ 50 ಮೈಕ್ರೊಲೀಟರ್, 37 ಡಿಗ್ರಿಯಲ್ಲಿ ಅರ್ಧದಿಂದ ಒಂದು ತಾಸು, ಮೇಲೆ ಹತ್ತರಿಂದ ಇಪ್ಪತ್ತು ಸಾವಿರ ಹೊಕ್ಕುಳಬಳ್ಳಿಯ ಎಂಡೋಥೀಲಿಯಲ್ (ರಕ್ತನಾಳದ ಒಳಪದರದ) ಕೋಶ. ನಾಲ್ಕನೇ ತಾಸಿನಿಂದಲೇ ಫೋಟೊ ತೆಗೆಯಲು ಶುರು ಮಾಡಿ. ಮಾರನೇ ದಿನ ಮಧ್ಯಾಹ್ನ ಬಂದು ನೋಡುತ್ತೇನೆ ಅಂದವರಿಗೆ ಕುಸಿದ ಬಲೆ ಮಾತ್ರ ಸಿಗುತ್ತದೆ. ವೆಲ್ಲಿನ ಅಂಚಿಗೆ ಜೆಲ್ ಏರಿ ನಡುವೆ ತಗ್ಗಾಗುವುದರಿಂದ ಕೋಶಗಳು ಮಧ್ಯಕ್ಕೆ ಜಾರುತ್ತವೆ, ಫೋಕಸ್ಸೂ ಸಿಗುವುದಿಲ್ಲ. ಇದನ್ನು ತಪ್ಪಿಸಲೆಂದೇ ಐಬಿಡಿ ಕಂಪನಿಯ 10 ಮೈಕ್ರೊಲೀಟರ್ ಹಿಡಿಯುವ ಸ್ಲೈಡುಗಳಿವೆ; ಜೆಲ್ಲೂ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ: ಮ್ಯಾಟ್ರಿಜೆಲ್ ಮೇಲೆ ಫೈಬ್ರೊಬ್ಲಾಸ್ಟುಗಳೂ ಕೆಲವು ಕ್ಯಾನ್ಸರ್ ಕೋಶಗಳೂ ಬಲೆ ಹೆಣೆಯುತ್ತವೆ. ಬಲೆ ಕಂಡಿತು ಎಂದಮಾತ್ರಕ್ಕೆ ರಕ್ತನಾಳ ಹುಟ್ಟಿತು ಎಂದು ಬರೆದರೆ ಪೇಪರ್ ಪರಿಶೀಲಿಸುವ ಒಳ್ಳೆಯ ರೆಫ್ರಿ ಬಿಡುವುದಿಲ್ಲ.

ಅಂಗಾಂಶ ಕಟ್ಟುವವರು ಇದರಿಂದ ಹೇಗೆ ದೂರ ಸರಿದರು ಎಂಬುದು ಗಮನಿಸಬೇಕಾದ ಸಂಗತಿ. 2002ರಲ್ಲಿ ಜರ್ಮನಿಯಲ್ಲಿ ಇಲಿಯ ಕೋಶಗಳಿಂದ ಹೃದಯ ಅಂಗಾಂಶ ಕಟ್ಟಿದಾಗ ಕೊಲಾಜೆನ್ ಜೊತೆ ಮ್ಯಾಟ್ರಿಜೆಲ್ ಇತ್ತು. 2007ರಲ್ಲಿ ಇಲಿಯ ಹೃದಯಕ್ಕೆ ಮಾನವ ಕೋಶ ಚುಚ್ಚಿದಾಗ ಕೋಶ ಸಾಯದಂತೆ ಕೊಟ್ಟ ಮಿಶ್ರಣದಲ್ಲೂ ಇತ್ತು. 2010ರ ಹ್ಯಾಂಬರ್ಗ್ ವಿಧಾನದ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರು ಪ್ರೋಟೀನ್) ಪಟ್ಟಿಗಳಲ್ಲಿ ನೂರಕ್ಕೆ ಹತ್ತರಷ್ಟು ಸೇರುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. 2017ರಲ್ಲಿ ಗಾಟಿಂಗೆನ್‌ನವರು ಸೀರಮ್ಮೂ ಮ್ಯಾಟ್ರಿಜೆಲ್ಲೂ ಇಲ್ಲದೆ ಮೊದಲನೇ ಬಗೆಯ ಕೊಲಾಜೆನ್ನಿನಲ್ಲೇ ಮಾನವ ಹೃದಯ ಸ್ನಾಯು ಕಟ್ಟಿ ತೋರಿಸಿದರು, ಅದೇ ದಾರಿಯ ಪಟ್ಟಿಗಳು ಈಗ ಹೃದಯ ವೈಫಲ್ಯದ ರೋಗಿಗಳ ಪರೀಕ್ಷೆಯವರೆಗೆ ಬಂದಿವೆ. ಗೆಡ್ಡೆಯಿಂದ ತೆಗೆದ, ಪೂರ್ತಿ ಪಟ್ಟಿ ಮಾಡಲಾಗದ ಇಲಿಯ ಪ್ರೋಟೀನನ್ನು ರೋಗಿಗೆ ಕೊಡಲು ಯಾವ ನಿಯಂತ್ರಕ ಒಪ್ಪಿಯಾನು? ಹೊಸದಾಗಿ ಅಂಗಾಂಶದ ಪಟ್ಟಿ ಕಟ್ಟುವವರಿಗೆ ನಮ್ಮ ಸಲಹೆ ಫೈಬ್ರಿನ್: 100 ಮೈಕ್ರೊಲೀಟರಿನಲ್ಲಿ ಹತ್ತು ಲಕ್ಷ ಕೋಶ, ಮಿಲಿಲೀಟರಿಗೆ 5 ಮಿಲಿಗ್ರಾಂ ಫೈಬ್ರಿನೋಜೆನ್, 3 ಯುನಿಟ್ ಥ್ರಾಂಬಿನ್. ಮೀಡಿಯಮ್ಮಿಗೆ ಅಪ್ರೊಟಿನಿನ್ ಹಾಕಲು ಮರೆತರೆ ಕೋಶಗಳೇ ಫೈಬ್ರಿನ್ನನ್ನು ಕರಗಿಸಿಬಿಡುತ್ತವೆ.

ಕೋಟಿಂಗಿಗೂ ಪರ್ಯಾಯ ಬೇಕೆಂದರೆ ಲ್ಯಾಮಿನಿನ್-521 ಇದೆ, ಲ್ಯಾಮಿನಿನ್-511ರ ತುಣುಕಾದ ಐಮ್ಯಾಟ್ರಿಕ್ಸ್-511 ಇದೆ. ಎರಡನೆಯದನ್ನು ಚದರ ಸೆಂಟಿಮೀಟರಿಗೆ ಅರ್ಧ ಮೈಕ್ರೊಗ್ರಾಂ ಲೆಕ್ಕದಲ್ಲಿ ಕೋಶಗಳ ಜೊತೆಗೇ ಬೆರೆಸಿ ಹಾಕಬಹುದು, ಮೊದಲೇ ಬಳಿದಿಡುವ ರಗಳೆಯಿಲ್ಲ. ಲ್ಯಾಮಿನಿನ್-521 ಬಳಸುವಾಗ ಕ್ಯಾಲ್ಸಿಯಂ, ಮೆಗ್ನೀಶಿಯಂ ಇರುವ ಡಿಪಿಬಿಎಸ್ಸೇ (ಉಪ್ಪಿನ ಬಫರ್ ದ್ರಾವಣ) ಬೇಕು. ಎರಡೂ ಮ್ಯಾಟ್ರಿಜೆಲ್ಲಿಗಿಂತ ಚೊಕ್ಕ. ಮಾಸ್ ಸ್ಪೆಕ್ಟ್ರೊಮೆಟ್ರಿ (ಪ್ರೋಟೀನುಗಳನ್ನು ಗುರುತಿಸುವ ವಿಧಾನ) ಮಾಡುವವರಂತೂ ಇವುಗಳಿಗೇ ಹೋಗಿ, ಇಲ್ಲವಾದರೆ ದತ್ತಾಂಶದ ತುಂಬ ಇಲಿಯ ಲ್ಯಾಮಿನಿನ್ ತುಂಬಿರುತ್ತದೆ.

ಬೆಂಗಳೂರಿನ ಇನ್‌ಸ್ಟೆಮ್ಮಿನಂಥ ಆಕರಕೋಶ ಸಂಶೋಧನಾ ಸಂಸ್ಥೆ ಇರಲಿ, ಜಿಲ್ಲಾ ಕೇಂದ್ರದ ಕಾಲೇಜಿನ ಸಣ್ಣ ಲ್ಯಾಬಿರಲಿ, ಇದು ಡ್ರೈ ಐಸಿನಲ್ಲಿ ಆಮದಾಗಿ ಬರುವ ಸರಕು. ಪಾರ್ಸೆಲ್ ತೆರೆದಾಗ ಡ್ರೈ ಐಸ್ ಉಳಿದಿದೆಯೇ, ಬಾಟಲಿ ಕಲ್ಲಿನಷ್ಟು ಗಟ್ಟಿಯಿದೆಯೇ ಎಂದು ನೋಡಿ ಫೋಟೊ ತೆಗೆದೇ ರುಜು ಹಾಕಿ. ಕೆಲವು ವರ್ಷಗಳ ಹಿಂದೆ ಜಗತ್ತಿನಾದ್ಯಂತ ಇದರ ಕೊರತೆಯಾಗಿತ್ತು, ಆದ್ದರಿಂದ ಕೊನೆಯ ಬಾಟಲಿಗೆ ಬರುವವರೆಗೆ ಕಾಯುವುದು ಸಲ್ಲ. ಹೊಸ ಲಾಟ್ ಬಂದಾಗ ಹಳೆಯದರ ಪಕ್ಕದಲ್ಲೇ ಕೋಶಗಳನ್ನು ಮೂರು ಪ್ಯಾಸೇಜ್ (ಬಿಡಿಸಿ ಹೊಸ ಪ್ಲೇಟಿಗೆ ಹಾಕುವ ಸುತ್ತು) ಓಡಿಸಿ, ಒಂದು ಪೂರ್ತಿ ಡಿಫರೆನ್ಶಿಯೇಷನ್ ಮಾಡಿ, ಹೃದಯ ಸ್ನಾಯುವಿನ ಗುರುತಾದ ಟ್ರೊಪೊನಿನ್-ಟಿ ಇರುವ ಕೋಶಗಳ ಶೇಕಡಾವಾರನ್ನು ಫ್ಲೋ ಸೈಟೊಮೆಟ್ರಿಯಲ್ಲಿ ಹೋಲಿಸಿ. ಹೊಂದಿದರೆ ಪ್ರಯೋಗ ಮುಗಿಯುವವರೆಗೆ ಬೇಕಾಗುವಷ್ಟನ್ನು ಅದೇ ಲಾಟಿನಲ್ಲಿ ಕಾಯ್ದಿರಿಸಿ, ಪ್ರತಿ ಅಲಿಕ್ವಾಟಿನ ಮೇಲೂ ಲಾಟ್ ನಂಬರ್ ಮತ್ತು ತಾರೀಖು ಬರೆಯಿರಿ. ಮೈನಸ್ 80ರಲ್ಲಿ ಅಳಿಸದ ಪೆನ್ನಿನಲ್ಲಿ.