ಬ್ಯಾಕ್ಟೀರಿಯಾದಿಂದ ಕಿಣ್ವದವರೆಗೆ: ಧಾರವಾಡದ ಒಂದು ಪ್ರಾಜೆಕ್ಟ್ ಪ್ರಯೋಗಾಲಯದ ವಿಮರ್ಶೆ

ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಮಾಡಲು ಸ್ಥಳ, ಉಪಕರಣ ಮತ್ತು ಮಾರ್ಗದರ್ಶನ ಒದಗಿಸುವ ಖಾಸಗಿ ಪ್ರಯೋಗಾಲಯಗಳ ಬಗ್ಗೆ ಅಧ್ಯಾಪಕರಲ್ಲಿ ಒಂದು ಅನುಮಾನ ಇದ್ದೇ ಇರುತ್ತದೆ: ಕೆಲಸ ಮಾಡಿದವರು ವಿದ್ಯಾರ್ಥಿಗಳೋ, ಅಲ್ಲಿನ ಸಿಬ್ಬಂದಿಯೋ? ನಮ್ಮ ವಿಭಾಗದ ವಿದ್ಯಾರ್ಥಿನಿಯರ ತಂಡವೊಂದು ಧಾರವಾಡದ ಇಂಥ ಒಂದು ಪ್ರಯೋಗಾಲಯದಲ್ಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವನ್ನು ಬೇರ್ಪಡಿಸಿ ಶುದ್ಧೀಕರಿಸುವ ಕೆಲಸಕ್ಕೆ ಸೇರಿದಾಗ, ಅದೇ ಅನುಮಾನವನ್ನು ಇಟ್ಟುಕೊಂಡು ನಾನು ಹುಬ್ಬಳ್ಳಿಯಿಂದ ಹಲವು ಸಲ ಅಲ್ಲಿಗೆ ಹೋಗಿ ನೋಡಿದ್ದೇನೆ. ಆಕ್ಷೇಪಣೆಗಳನ್ನೂ ಬರೆಯಬೇಕಾಗಿರುವುದರಿಂದ ಪ್ರಯೋಗಾಲಯದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಮೊದಲು ಮೆಚ್ಚಿಕೆಯಾದದ್ದು, ಸಿದ್ಧ ಕಲ್ಚರನ್ನು (ಬೆಳೆಸಿಟ್ಟ ಬ್ಯಾಕ್ಟೀರಿಯಾವನ್ನು) ಕೈಗೆ ಕೊಟ್ಟು ಕೆಲಸ ಆರಂಭಿಸುವ ಪದ್ಧತಿ ಅಲ್ಲಿ ಇಲ್ಲದಿರುವುದು. ಮಣ್ಣನ್ನು ನೀವೇ ತನ್ನಿ ಎನ್ನುತ್ತಾರೆ. ನಮ್ಮವರು ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಆಲೂಗಡ್ಡೆ ಸುರಿಯುವ ಜಾಗದಿಂದಲೂ ಒಂದು ಹಿಟ್ಟಿನ ಗಿರಣಿಯ ಹಿಂಬದಿಯಿಂದಲೂ ಮಣ್ಣು ತಂದರು. ಪಿಷ್ಟ ಬಿದ್ದು ಕೊಳೆಯುವಲ್ಲಿ ಅದನ್ನು ಒಡೆದು ತಿನ್ನುವ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಹೆಚ್ಚು. ಸ್ಟಾರ್ಚ್ ಅಗಾರ್ ಪ್ಲೇಟಿನ ಮೇಲೆ ಅಯೋಡಿನ್ ಸುರಿದಾಗ ಪಿಷ್ಟ ಉಳಿದಿರುವ ಭಾಗವೆಲ್ಲ ಕಡುನೀಲಿಯಾಗಿ, ಅಮೈಲೇಸ್ ಸ್ರವಿಸುವ ಕಾಲೊನಿಯ ಸುತ್ತ ಮಾತ್ರ ತಿಳಿಯಾದ ವಲಯ ಉಳಿಯುತ್ತದೆ. ಆ ವಲಯ ಅಗಲವಾಗಿದ್ದ ಕಾಲೊನಿಯನ್ನೇ ಆರಿಸಿಕೊಂಡು ಮುಂದುವರಿದರು.

ಬ್ಯಾಸಿಲಸ್ ಈ ಕಿಣ್ವವನ್ನು ಕೋಶದ ಹೊರಗೆ ಬಿಡುವುದರಿಂದ ಕೋಶಗಳನ್ನು ಒಡೆಯುವ ಕೆಲಸವಿಲ್ಲ. ಕಲ್ಚರನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೋಶಗಳು ತಳದಲ್ಲಿ ಕೂತ ಮೇಲೆ, ಮೇಲಿನ ತಿಳಿ ದ್ರವವೇ ಕಚ್ಚಾ ಕಿಣ್ವ. ಈ ಪ್ರಯೋಗಾಲಯದಲ್ಲಿ ಶಬ್ದತರಂಗದಿಂದ ಕೋಶಗಳನ್ನು ಒಡೆಯುವ ಸೋನಿಕೇಟರ್ ಇಲ್ಲ, ಆದ್ದರಿಂದ ಇ. ಕೋಲೈಯ ಬೀಟಾ-ಗ್ಯಾಲಕ್ಟೊಸಿಡೇಸಿನಂಥ, ಕೋಶದೊಳಗೇ ಉಳಿಯುವ ಕಿಣ್ವವನ್ನು ಆರಿಸಿಕೊಳ್ಳುವವರು ಕೋಶಭಿತ್ತಿಯನ್ನು ಕರಗಿಸುವ ಲೈಸೊಜೈಮ್ ಕಿಣ್ವವನ್ನೇ ನಂಬಬೇಕಾಗುತ್ತದೆ. ಅಂಥವರಿಗೆ ಈ ಜಾಗವನ್ನು ನಾನು ಶಿಫಾರಸು ಮಾಡಲಾರೆ.

ಅಮೋನಿಯಂ ಸಲ್ಫೇಟ್ ಎಂಬ ಉಪ್ಪಿನಿಂದ ಪ್ರೋಟೀನನ್ನು ದ್ರವದಿಂದ ಬೇರ್ಪಡಿಸಿ ತಳಕ್ಕೆ ಇಳಿಸುವ ಹಂತವನ್ನು ಇಷ್ಟು ಶಿಸ್ತಿನಿಂದ ಮಾಡಿಸುವುದನ್ನು ನಾನು ಬೇರೆ ಕಡೆ ಕಂಡಿಲ್ಲ. ಶೇ. 70 ಸಂತೃಪ್ತತೆಗೆ (ಕರಗಬಲ್ಲ ಗರಿಷ್ಠ ಉಪ್ಪಿನ ಶೇ. 70ಕ್ಕೆ) 0 ಡಿಗ್ರಿಯಲ್ಲಿ ಪ್ರತಿ 100 ಮಿ.ಲೀ.ಗೆ 43.6 ಗ್ರಾಂ ಉಪ್ಪು ಸಾಕು, 25 ಡಿಗ್ರಿಯಲ್ಲಾದರೆ 47.2 ಗ್ರಾಂ ಬೇಕು. ಎರಡೂ ಕೋಷ್ಟಕಗಳು ಗೋಡೆಯ ಮೇಲಿವೆ, ಯಾವುದನ್ನು ಯಾಕೆ ಬಳಸುತ್ತೀರಿ ಎಂದು ಕೇಳಿಯೇ ತೂಕದ ಯಂತ್ರದ ಹತ್ತಿರ ಬಿಡುತ್ತಾರೆ. ಉಪ್ಪನ್ನು ಖಲಬತ್ತಿನಲ್ಲಿ ನುಣ್ಣಗೆ ಅರೆದು, ಮಂಜುಗಡ್ಡೆಯಲ್ಲಿಟ್ಟ ಬೀಕರಿಗೆ ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಒಮ್ಮೆಲೇ ಸುರಿದರೆ ಬಿದ್ದಲ್ಲಿ ಸಾಂದ್ರತೆ ಏರಿ, ಬೇಡದ ಪ್ರೋಟೀನುಗಳೂ ಜೊತೆಗೆ ಇಳಿಯುತ್ತವೆ. ಮ್ಯಾಗ್ನೆಟಿಕ್ ಸ್ಟಿರರಿನ ವೇಗ ಹೆಚ್ಚಿಸಹೊರಟ ವಿದ್ಯಾರ್ಥಿನಿಗೆ ಅಲ್ಲಿನ ಮೇಡಂ, "ಸಾವಕಾಶ ತಿರಗಲಿ ಬಿಡವಾ, ನೊರಿ ಬಂದ್ರ ಎನ್‌ಜೈಮ್ ಕೆಡ್ತದ" ಎಂದು ಹೇಳಿ, ಅದು ಯಾಕೆ ಕೆಡುತ್ತದೆಂಬುದನ್ನೂ ವಿವರಿಸಿದರು: ನೊರೆಯ ಗುಳ್ಳೆಗಳಲ್ಲಿ ಗಾಳಿ ಮತ್ತು ನೀರು ಕೂಡುವ ಮೇಲ್ಮೈಯಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಸೂಕ್ಷ್ಮ ರಂಧ್ರಗಳ ಚೀಲದಲ್ಲಿ ಪ್ರೋಟೀನನ್ನು ಉಳಿಸಿಕೊಂಡು ಉಪ್ಪನ್ನು ಹೊರಬಿಡುವ ಡಯಾಲಿಸಿಸ್ ಹಂತದಲ್ಲಿ ಅವರ ಅನುಭವ ಎದ್ದು ಕಾಣುತ್ತದೆ. ಹೊಸ ಡಯಾಲಿಸಿಸ್ ಕೊಳವೆಯನ್ನು ಸೋಡಿಯಂ ಬೈಕಾರ್ಬೊನೇಟ್ ಮತ್ತು ಇಡಿಟಿಎ ಬೆರೆಸಿದ ನೀರಿನಲ್ಲಿ ಕುದಿಸಿ ಶುಚಿಗೊಳಿಸುವುದು ಎಲ್ಲೆಡೆಯ ರೂಢಿ. ಆದರೆ ಆಲ್ಫಾ-ಅಮೈಲೇಸ್ ಸ್ಥಿರವಾಗಿ ಉಳಿಯಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಆ ಕ್ಯಾಲ್ಸಿಯಮನ್ನೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಕುದಿಸಿದ ಕೊಳವೆಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆಸುತ್ತಾರೆ, ಆಮ್ಲೀಯತೆಯನ್ನು ಸ್ಥಿರವಾಗಿಡುವ ಬಫರ್ ದ್ರಾವಣವಾಗಿ, ಕ್ಯಾಲ್ಸಿಯಮನ್ನು ಹಿಡಿದುಕೊಳ್ಳುವ ಫಾಸ್ಫೇಟಿನ ಬದಲು ಟ್ರಿಸ್ ಬಫರ್ ಕೊಡುತ್ತಾರೆ, ಕೊನೆಯ ಸಲ ಬದಲಿಸುವ ಬಫರಿಗೆ ತುಸು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಾರೆ. ನೀರು ಒಳಗೆ ನುಗ್ಗಿ ಚೀಲ ಉಬ್ಬುವುದರಿಂದ ಅದನ್ನು ಪೂರ್ತಿ ತುಂಬದೆ ಜಾಗ ಬಿಟ್ಟು ಗಂಟು ಹಾಕಿಸುತ್ತಾರೆ. ಉಪ್ಪು ಪೂರ್ತಿ ಹೊರಬಂದಿದೆಯೇ ಎಂದು ತಿಳಿಯಲು ಹೊರಗಿನ ಬಫರನ್ನು ಸ್ವಲ್ಪ ತೆಗೆದು ಬೇರಿಯಂ ಕ್ಲೋರೈಡಿನ ಕೆಲವು ಹನಿ ಹಾಕಿ ನೋಡುತ್ತಾರೆ. ಬೆಳ್ಳಗೆ ಮಸುಕಾದರೆ ಸಲ್ಫೇಟ್ ಇನ್ನೂ ಬರುತ್ತಿದೆ ಎಂದರ್ಥ. ಉಪ್ಪು ಉಳಿದರೆ ಮುಂದೆ, ವಿದ್ಯುದಾವೇಶದ ಆಧಾರದಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸುವ ಡಿಇಎಇ-ಸೆಲ್ಯುಲೋಸ್ ಕಾಲಮಿಗೆ ಪ್ರೋಟೀನ್ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಈ ಸಣ್ಣ ಪರೀಕ್ಷೆ ಬಹಳ ಮುಖ್ಯ.

ಆದರೆ ಕಿಣ್ವ ಶುದ್ಧೀಕರಣದ ಪ್ರಾಜೆಕ್ಟಿನ ಜೀವಾಳ ಇರುವುದು ಶುದ್ಧೀಕರಣ ಕೋಷ್ಟಕದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಚ್ಚಾ ದ್ರವದಲ್ಲಿ 500 ಮಿ.ಗ್ರಾಂ ಪ್ರೋಟೀನಿನ ಜೊತೆ 1000 ಯೂನಿಟ್ (ಚಟುವಟಿಕೆಯ ಅಳತೆ) ಕಿಣ್ವವಿದ್ದು, ಕಾಲಮಿನ ನಂತರ 40 ಮಿ.ಗ್ರಾಂ ಪ್ರೋಟೀನಿನಲ್ಲಿ 400 ಯೂನಿಟ್ ಉಳಿದಿದ್ದರೆ, ಪ್ರತಿ ಮಿ.ಗ್ರಾಂ ಪ್ರೋಟೀನಿನ ಚಟುವಟಿಕೆ 2ರಿಂದ 10ಕ್ಕೆ ಏರಿದೆ, ಅಂದರೆ ಶುದ್ಧತೆ ಐದು ಪಟ್ಟು, ಇಳುವರಿ ಶೇ. 40. ಈ ಲೆಕ್ಕ ಬರಬೇಕಾದರೆ ಪ್ರತಿ ಹಂತದ ಮಾದರಿಯನ್ನೂ ಎತ್ತಿಟ್ಟು, ಪ್ರತಿ ಹಂತದ ಪರಿಮಾಣವನ್ನೂ ಬರೆದಿರಬೇಕು. ಇಲ್ಲಿ ಮಾದರಿ ಎತ್ತಿಡದೆ ಮುಂದಿನ ಹಂತಕ್ಕೆ ಹೋಗಗೊಡುವುದಿಲ್ಲ. ಡಿಎನ್‌ಎಸ್ ವಿಧಾನದಲ್ಲಿ, ಪಿಷ್ಟ ಒಡೆದು ಬಂದ ಸಕ್ಕರೆಯಿಂದ ಮೂಡುವ ಬಣ್ಣವನ್ನು 540 ನ್ಯಾನೊಮೀಟರಿನಲ್ಲಿ ಅಳೆಯುವಾಗ, ಡಿಎನ್‌ಎಸ್ ಹಾಕಿ ಕ್ರಿಯೆ ನಡೆಯದಂತೆ ಮಾಡಿದ ಮೇಲೆ ಕಿಣ್ವ ಸೇರಿಸಿದ ಶೂನ್ಯ ಸಮಯದ ನಿಯಂತ್ರಣ ನಳಿಕೆಯನ್ನು ಕಡ್ಡಾಯವಾಗಿ ಇಡಿಸುತ್ತಾರೆ. ಪಿಷ್ಟದ ಮಾಧ್ಯಮದಲ್ಲಿ ಬೆಳೆದ ಕಲ್ಚರಿನ ದ್ರವದಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಅದನ್ನು ಕಳೆಯದಿದ್ದರೆ ಕಚ್ಚಾ ಕಿಣ್ವದ ಅಂಕಿಗಳೆಲ್ಲ ಉಬ್ಬಿದ ಅಂಕಿಗಳಾಗುತ್ತವೆ. ಪ್ರೋಟೀನ್ ಅಳೆಯಲು ಲೌರಿ ವಿಧಾನ ಬಿಟ್ಟು ಬ್ರಾಡ್‌ಫೋರ್ಡ್ ವಿಧಾನ ಬಳಸಿದ್ದೂ ಸರಿಯೇ, ಏಕೆಂದರೆ ಟ್ರಿಸ್ ಬಫರ್ ಲೌರಿಗೆ ಅಡ್ಡಿ ಮಾಡುತ್ತದೆ.

ಕೊರತೆಗಳು ಸಣ್ಣವಲ್ಲ. ಕೋಲ್ಡ್ ರೂಮ್ ಇಲ್ಲದ ಕಾರಣ ಕಾಲಮನ್ನು ಹೊರಗಿನ ಉಷ್ಣತೆಯಲ್ಲೇ ಓಡಿಸಬೇಕು. ಅಮೈಲೇಸ್ ಗಟ್ಟಿ ಕಿಣ್ವವಾದ್ದರಿಂದ ತಾಳಿಕೊಳ್ಳುತ್ತದೆ, ಸೂಕ್ಷ್ಮ ಕಿಣ್ವಗಳಿಗೆ ಏಪ್ರಿಲ್ ಬಿಸಿಲಿನಲ್ಲಿ ಇದು ಸಲ್ಲದು. ಕೂಲಿಂಗ್ ಸೆಂಟ್ರಿಫ್ಯೂಜ್ ಒಂದೇ ಇದ್ದು, ತಂಡಗಳು ಹೆಚ್ಚಾದಾಗ ಮಾದರಿಗಳು ಸರದಿಗಾಗಿ ಕಾಯುತ್ತವೆ. ಎಸ್‌ಡಿಎಸ್-ಪೇಜ್ ಜೆಲ್ಲನ್ನು (ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಶುದ್ಧತೆ ತೋರಿಸುವುದು ಇದೇ) ಸಿಬ್ಬಂದಿಯೇ ಎರಕ ಹೊಯ್ದು, ಬಣ್ಣ ಹಾಕಿ, ಫೋಟೊ ಕೊಡುತ್ತಾರೆ. ಉಳಿದೆಲ್ಲ ಹಂತಗಳನ್ನು ತಮ್ಮ ಕೈಯಿಂದ ಮಾಡಿದ ಹುಡುಗಿಯರು ಜೆಲ್ಲಿನ ಮುಂದೆ ಪ್ರೇಕ್ಷಕರಾಗಿ ನಿಂತದ್ದನ್ನು ನಾನು ಒಪ್ಪಲಾರೆ. ಅದನ್ನು ಅಲ್ಲಿಯೇ ಹೇಳಿದ್ದೇನೆ ಕೂಡ. ವರದಿಯ ಪೀಠಿಕೆಗೆ ಸಿದ್ಧ ಪುಟಗಳನ್ನು ಕೊಡುವ ರೂಢಿಯನ್ನಂತೂ ಕೂಡಲೇ ನಿಲ್ಲಿಸಬೇಕು. ಶುಲ್ಕದಲ್ಲಿ ರಾಸಾಯನಿಕಗಳು ಸೇರಿವೆ ಎನ್ನುತ್ತಾರೆ, ಆದರೆ ಕಾಲಮಿನ ಸಾಮಗ್ರಿ ಮತ್ತು ಡಯಾಲಿಸಿಸ್ ಕೊಳವೆಗೆ ಬಿಲ್ ಬೇರೆ ಬರುತ್ತದೆ. ಇದನ್ನು ಸೇರುವಾಗಲೇ ಬರೆಸಿಕೊಳ್ಳುವುದು ಒಳ್ಳೆಯದು.

ಕೋಶದ ಹೊರಗೆ ಸ್ರವಿಸುವ ಅಮೈಲೇಸ್ ಅಥವಾ ಪ್ರೋಟಿಯೇಸ್ ಆರಿಸಿಕೊಂಡು, ಬೇಸಿಗೆಗೆ ಮುಂಚೆ ಕೆಲಸ ಆರಂಭಿಸಬಲ್ಲ ತಂಡಗಳನ್ನು ನಾನು ಇಲ್ಲಿಗೆ ಕಳಿಸುತ್ತೇನೆ. ಜೆಲ್ ಹಂತವನ್ನೂ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕೆಂದು ಮಾರ್ಗದರ್ಶಕರು ಮೊದಲೇ ಪತ್ರ ಬರೆದು ಕೇಳಿದರೆ ಒಪ್ಪುತ್ತಾರೆ. ಮುಂದಿನ ತಂಡಕ್ಕೆ ಹಾಗೆಂದು ನನಗೆ ಮಾತು ಕೊಟ್ಟಿದ್ದಾರೆ.